ನಾನೂರು ಮೀಟರ್‌ವರೆಗಿನ ರೈಫಲ್‌ಗೆ ಗಿಡ್ಡ, ಗಟ್ಟಿ ಸ್ಕೋಪ್: ಮೂರರ ಹೋಲಿಕೆ, ಒಂದರ ವಿಮರ್ಶೆ

ಹಿಂದಿನ ವಾರವಷ್ಟೇ ನೂರು ಮೀಟರ್‌ನಲ್ಲಿ ಝೀರೋ ಮಾಡಿಟ್ಟಿದ್ದ, ಎಂದರೆ ಸ್ಕೋಪಿನಲ್ಲಿ (ರೈಫಲ್ ಮೇಲೆ ಕೂರಿಸುವ ಗುರಿದೂರದರ್ಶಕದಲ್ಲಿ) ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ಹೊಂದಿಸಿಟ್ಟಿದ್ದ, ನನ್ನ ರೈಫಲ್ ಒಂದು ಬೆಳಿಗ್ಗೆ ಮೊದಲ ಮೂರು ಗುಂಡುಗಳನ್ನು ನಡುಬಿಂದುವಿನಿಂದ ಆರು ಸೆಂಟಿಮೀಟರ್ ಎಡಕ್ಕೆ ಹಾಕಿತು. ಗಾಳಿ ಇರಲಿಲ್ಲ, ಗುಂಡುಗಳು ಅದೇ ಪೆಟ್ಟಿಗೆಯವು, ರೈಫಲ್ ಮರಳುಚೀಲದ ಮೇಲೆ ಅಲುಗದೆ ಕೂತಿತ್ತು. ಸ್ಕೋಪಿನ ಪಕ್ಕದ ಟರೆಟ್ಟನ್ನು (ಗುರಿಯನ್ನು ಸರಿಸುವ ತಿರುಪುಗುಂಡಿಯನ್ನು) ಆರು ಕ್ಲಿಕ್, ಎಂದರೆ ಆರು ಸಣ್ಣ ಹೆಜ್ಜೆ, ತಿರುಗಿಸಿದೆ. ಮುಂದಿನ ಗುಂಡು ಮೊದಲಿದ್ದ ಜಾಗಕ್ಕೇ ಬಿತ್ತು. ಅದರ ನಂತರದ್ದು ಒಮ್ಮೆಲೇ ಬಲಕ್ಕೆ ಸರಿದು ನಡುಬಿಂದುವನ್ನೂ ದಾಟಿ ಹೋಯಿತು. ಸ್ಕೋಪನ್ನು ರೈಫಲ್ ಮೇಲೆ ಬಿಗಿದಿಡುವ ಮೌಂಟಿನ ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ಅವು ಸಡಿಲವಾಗಿಲ್ಲವೆಂದು ಖಚಿತವಾದ ಮೇಲೆ, ಇನ್ನೂ ಮೂವತ್ತು ಗುಂಡು ಖರ್ಚು ಮಾಡಿ ತಿಳಿದದ್ದಿಷ್ಟು: ಕ್ಲಿಕ್ ತಿರುಗಿಸಿದಾಗ ಸ್ಕೋಪಿನ ಒಳಗಿನ ಭಾಗ ಅಂಟಿಕೊಂಡು ನಿಲ್ಲುತ್ತಿತ್ತು, ಬಳಿಕ ಯಾವುದೋ ಒಂದು ಗುಂಡಿನ ಒದೆತಕ್ಕೆ ತನಗೆ ತೋಚಿದಷ್ಟು ಜಾರುತ್ತಿತ್ತು. ಅದು ಆರರಿಂದ ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸುವ, ಐವತ್ತು ಮಿಲಿಮೀಟರ್ ಮುಂಗಾಜಿನ, ಮೊಣಕೈಯಷ್ಟು ಉದ್ದದ ಸ್ಕೋಪ್. ಗಾಜು ನಿಜಕ್ಕೂ ಚೆನ್ನಾಗಿತ್ತು. ಕೈಕೊಟ್ಟದ್ದು ಒಳಗಿನ ಯಂತ್ರ.

ಆ ಬೆಳಗಿನ ನಂತರ ನಾನು ಸ್ಕೋಪ್ ಆರಿಸುವ ರೀತಿಯನ್ನೇ ಬದಲಿಸಿಕೊಂಡೆ. ನೂರರಿಂದ ನಾನೂರು ಮೀಟರ್ ದೂರದ ಗುರಿಗೆ, .308 ವಿಂಚೆಸ್ಟರ್ ಎಂಬ ಗುಂಡಿನ ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತುಂಬುವ ರೈಫಲ್) ಮೇಲೆ ಇಡುವುದಕ್ಕೆ, ಚಿಕ್ಕದಾಗಿರಬೇಕು, ಪೆಟ್ಟು ತಾಳಬೇಕು ಎಂಬ ಎರಡೇ ಬೇಡಿಕೆಗಳನ್ನು ಮುಂದಿಟ್ಟುಕೊಂಡು ಮೂರು ಬಗೆಯ ಸ್ಕೋಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಅವುಗಳಲ್ಲಿ ಒಂದನ್ನು ಇಟ್ಟುಕೊಂಡು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಈ ಬರಹ ಮುಖ್ಯವಾಗಿ ಅದರ ವಿಮರ್ಶೆ. ಆದರೆ ಅದನ್ನೇ ಏಕೆ ಆರಿಸಿದೆ ಎಂಬುದು ತಿಳಿಯಬೇಕಾದರೆ ಸ್ಕೋಪಿನ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಮೊದಲು ನೋಡಬೇಕು.

ಹೊರಗಿನಿಂದ ಸ್ಕೋಪ್ ಎಂದರೆ ಒಂದೇ ಕೊಳವೆ. ಒಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ಮುಂಗಾಜು ತಲೆಕೆಳಗಾಗಿ ಮೂಡಿಸುವ ಬಿಂಬವನ್ನು ನೆಟ್ಟಗೆ ಮಾಡುವ ಮಸೂರಗಳು ಈ ಒಳಕೊಳವೆಯಲ್ಲೇ ಇರುತ್ತವೆ. ಅದರ ಹಿಂತುದಿ ಕೀಲಿನಂತಹ ಒಂದು ಆಸರೆಯಲ್ಲಿ ಕೂತಿರುತ್ತದೆ. ಮುಂತುದಿಯನ್ನು ಮೇಲಿನಿಂದ ಒಂದು, ಪಕ್ಕದಿಂದ ಒಂದು ಟರೆಟ್ ಸ್ಕ್ರೂ ಒತ್ತಿ ಹಿಡಿದಿದ್ದರೆ, ಎದುರು ಬದಿಯಿಂದ ಒಂದು ಸ್ಪ್ರಿಂಗ್ ಅದನ್ನು ಆ ಸ್ಕ್ರೂಗಳ ಕಡೆಗೆ ತಳ್ಳುತ್ತಿರುತ್ತದೆ. ಕ್ಲಿಕ್ ತಿರುಗಿಸುವುದೆಂದರೆ ಆ ಸ್ಕ್ರೂವನ್ನು ಕೂದಲೆಳೆಯಷ್ಟು ಇಳಿಸುವುದು ಅಥವಾ ಏರಿಸುವುದು, ಅಷ್ಟೆ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಹೊರಕೊಳವೆ ರೈಫಲ್ ಜೊತೆಗೆ ಹಿಂದೆ ಹೋಗುವಾಗ ಒಳಕೊಳವೆ ತನ್ನ ಜಡತ್ವದಿಂದ ಇದ್ದಲ್ಲೇ ಉಳಿಯಲು ನೋಡುತ್ತದೆ. ಸ್ಪ್ರಿಂಗ್ ಬಲವಾಗಿದ್ದು, ಸ್ಕ್ರೂವಿನ ತುದಿ ಮುಟ್ಟುವ ಜಾಗ ನಯವಾಗಿ ಗಟ್ಟಿಯಾಗಿದ್ದರೆ ಒಳಕೊಳವೆ ಅದುರಿ ಮತ್ತೆ ತನ್ನ ಜಾಗಕ್ಕೇ ಬಂದು ಕೂರುತ್ತದೆ. ಸ್ಪ್ರಿಂಗ್ ಸೋತರೆ, ಅಥವಾ ಸ್ಕ್ರೂ ತುದಿ ಕೊರೆದು ಕೊರೆದು ಕೊಳವೆಯ ಮೈಯಲ್ಲಿ ಗುಳಿ ಬಿದ್ದಿದ್ದರೆ, ಅದು ಪ್ರತಿ ಸಲವೂ ಬೇರೆ ಬೇರೆ ಕಡೆ ಕೂರುತ್ತದೆ. ನನ್ನ ಹಳೆಯ ಸ್ಕೋಪಿಗೆ ಬಂದ ರೋಗ ಇದೇ ಎಂದು ಈಗ ನಂಬಿದ್ದೇನೆ.

ಹಿಗ್ಗಿಸುವ ವ್ಯಾಪ್ತಿ ಹೆಚ್ಚಿದಷ್ಟೂ ಈ ಒಳಕೊಳವೆಯಲ್ಲಿ ಸರಿದಾಡುವ ಮಸೂರಗಳ ಓಟ ಹೆಚ್ಚುತ್ತದೆ, ತೂಕವೂ ಹೆಚ್ಚುತ್ತದೆ. ಒದೆತಕ್ಕೆ ತೂಗಾಡುವ ದ್ರವ್ಯವೂ ಅಷ್ಟೇ ಹೆಚ್ಚು. ಹಾಗೆಂದು ದೊಡ್ಡ ಸ್ಕೋಪುಗಳೆಲ್ಲ ದುರ್ಬಲ ಎಂದಲ್ಲ. ಚೆನ್ನಾಗಿ ಕಟ್ಟಿದ ದೊಡ್ಡ ಸ್ಕೋಪುಗಳು ದಶಕಗಟ್ಟಲೆ ಬಾಳುತ್ತವೆ. ಆದರೆ ಅದೇ ಗಟ್ಟಿತನವನ್ನು ಕಡಿಮೆ ತೂಕದಲ್ಲಿ, ಕಡಿಮೆ ಜಟಿಲತೆಯಲ್ಲಿ ಪಡೆಯಬೇಕಾದರೆ ಹಿಗ್ಗಿಸುವ ಆಸೆಯನ್ನು ಮೊದಲು ಕತ್ತರಿಸಬೇಕು.

ಎಷ್ಟು ಕತ್ತರಿಸಬಹುದು? ಇದಕ್ಕೆ ಅಭಿಪ್ರಾಯಕ್ಕಿಂತ ಲೆಕ್ಕವೇ ಒಳ್ಳೆಯ ಉತ್ತರ. ಆರೋಗ್ಯವಾದ ಕಣ್ಣು ಬೇರ್ಪಡಿಸಿ ನೋಡಬಲ್ಲ ಸೂಕ್ಷ್ಮತೆ ಸುಮಾರು ಒಂದು ಕೋನನಿಮಿಷ, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಇದನ್ನೇ ಗುರಿಕಾರರು ಎಂಒಎ ಎನ್ನುತ್ತಾರೆ. ನೂರು ಮೀಟರ್‌ನಲ್ಲಿ ಅದು 29 ಮಿ.ಮೀ., ಮುನ್ನೂರು ಮೀಟರ್‌ನಲ್ಲಿ 87 ಮಿ.ಮೀ. ಹತ್ತು ಪಟ್ಟು ಹಿಗ್ಗಿಸಿದರೆ ಮುನ್ನೂರು ಮೀಟರ್‌ನಲ್ಲಿ ಸುಮಾರು 9 ಮಿ.ಮೀ.ವರೆಗಿನ ವಿವರ ಕಾಣುತ್ತದೆ. ಎಂದರೆ ಆ ದೂರದಲ್ಲಿ .308 ಗುಂಡಿನ ಸುಮಾರು 8 ಮಿ.ಮೀ. ರಂಧ್ರ ಕಂಡೂ ಕಾಣದ ಹಾಗಿರುತ್ತದೆ, ಇನ್ನೂರು ಮೀಟರ್‌ನಲ್ಲಿ ಬಿಳಿ ಕಾಗದದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಗುರಿ ಇಡಲು ರಂಧ್ರ ಕಾಣಬೇಕಾಗಿಲ್ಲ, ಗುರಿಹಲಗೆಯ ನಡುವನ್ನು ಸ್ಕೋಪಿನೊಳಗೆ ಕಾಣುವ ಗುರಿಗೆರೆಯಿಂದ ಸರಿಯಾಗಿ ಇಬ್ಭಾಗ ಮಾಡಲು ಬಂದರೆ ಸಾಕು. ರಂಧ್ರ ನೋಡುವುದಕ್ಕೆ ಪಕ್ಕದಲ್ಲಿ ಮುಕ್ಕಾಲಿ ಮೇಲೆ ನಿಲ್ಲಿಸುವ ದೂರದರ್ಶಕ ಬೇರೆ ಇರುತ್ತದೆ. ನಾನು ಹಳೆಯ ಸ್ಕೋಪಿನಲ್ಲಿ ಇಪ್ಪತ್ತನಾಲ್ಕು ಪಟ್ಟು ಇಟ್ಟುಕೊಂಡು ಹೊಡೆದದ್ದು ಬಹಳ ಕಡಿಮೆ; ಬಿಸಿಲೇರಿದ ಮೇಲೆ ನೆಲದಿಂದ ಏಳುವ ಕಾವಿನ ಅಲೆಗಳು ಗುರಿಯ ಜೊತೆಗೇ ಹಿಗ್ಗಿ, ಚಿತ್ರವೆಲ್ಲ ನೀರಿನಡಿಯ ಕಲ್ಲಿನಂತೆ ಕುಣಿಯತೊಡಗುತ್ತಿತ್ತು, ಹತ್ತಕ್ಕೋ ಹನ್ನೆರಡಕ್ಕೋ ಇಳಿಸದೆ ಗತಿ ಇರುತ್ತಿರಲಿಲ್ಲ.

ಹಾಗಾಗಿ ನನ್ನ ಮಿತಿ ಹತ್ತು ಪಟ್ಟು ಎಂದು ನಿಶ್ಚಯವಾಯಿತು. ಆ ಮಿತಿಯೊಳಗೆ ನೋಡಿದವು ಮೂರು.

ಮೊದಲನೆಯದು ಟ್ರಿಜಿಕಾನ್ ಕಂಪನಿಯ ಏಕಾಗ್ ಸಾಲಿನ 4×32 (ನಾಲ್ಕು ಪಟ್ಟು ಹಿಗ್ಗಿಸುವ, 32 ಮಿ.ಮೀ. ಮುಂಗಾಜಿನದು). ಇದು 1987ರಲ್ಲಿ ಬಂದ ವಿನ್ಯಾಸ. ಇಲ್ಲಿ ಬಿಂಬವನ್ನು ನೆಟ್ಟಗೆ ಮಾಡುವುದು ಸಾಲು ಮಸೂರಗಳಲ್ಲ, ಒಂದು ಪ್ರಿಸ್ಮ್. ಆದ್ದರಿಂದಲೇ ಅದು ಹದಿನೈದು ಸೆಂಟಿಮೀಟರ್‌ಗಿಂತ ಉದ್ದವಿಲ್ಲ, ಮೌಂಟ್ ಬಿಟ್ಟು ತೂಕ ಸುಮಾರು 280 ಗ್ರಾಂ. ಹೊರಕವಚ 7075-ಟಿ6 ಎಂಬ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಹಿಗ್ಗಿಸುವಿಕೆ ಬದಲಾಗುವುದಿಲ್ಲ, ಸರಿದಾಡುವ ಭಾಗಗಳು ಬಹಳ ಕಡಿಮೆ. ಗೆರೆಗೆ ಬೆಳಕು ಕೊಡಲು ಹಗಲಿನಲ್ಲಿ ಮೇಲ್ಗಡೆ ಹಾಸಿದ ಬೆಳಕಿನ ಎಳೆ, ಕತ್ತಲಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ, ಬ್ಯಾಟರಿಯೇ ಬೇಡ. ಟ್ರಿಟಿಯಂನ ಅರ್ಧಾಯುಷ್ಯ (ಅದು ಅರ್ಧಕ್ಕೆ ಇಳಿಯುವ ಕಾಲ) 12 ವರ್ಷಗಳಿಗಿಂತ ತುಸು ಹೆಚ್ಚು, ಆದ್ದರಿಂದ ಕಾಲ ಕಳೆದಂತೆ ಆ ಹೊಳಪು ಕುಂದುತ್ತದೆ ಎಂಬುದನ್ನು ಹಳೆಯದನ್ನು ಕೊಳ್ಳುವವರು ನೆನಪಿಡಬೇಕು. ಗಟ್ಟಿತನವೊಂದನ್ನೇ ಮಾನದಂಡ ಮಾಡಿಕೊಂಡಿದ್ದರೆ ನಾನು ಇದನ್ನೇ ಆರಿಸುತ್ತಿದ್ದೆ. ಆದರೆ ಗೆಳೆಯರೊಬ್ಬರ ಹಗುರ ಒದೆತದ ರೈಫಲ್ ಮೇಲೆ ಇದನ್ನು ನೋಡಿದಾಗಲೇ ನನ್ನ ಕೆಲಸಕ್ಕೆ ಒಗ್ಗದು ಎಂದು ಅರ್ಥವಾಯಿತು: ಪೂರ್ತಿ ಚಿತ್ರ ಕಾಣಲು ಕಣ್ಣನ್ನು ಗಾಜಿಗೆ 38 ಮಿ.ಮೀ. ಹತ್ತಿರ ತರಬೇಕು. .308 ಬೋಲ್ಟ್ ರೈಫಲ್ ಒದೆಯುವ ರೀತಿಯನ್ನು ಬಲ್ಲ ಯಾರೂ ತಮ್ಮ ಹುಬ್ಬನ್ನು ಅಷ್ಟು ಹತ್ತಿರ ಇಡಲು ಒಪ್ಪಲಾರರು. ಅಲ್ಲದೆ ಅದರ ಪ್ರಸಿದ್ಧ ಮಾದರಿಗಳ ಗೆರೆಗಳು 5.56 ಮಿ.ಮೀ. ಗುಂಡಿನ ಇಳಿತಕ್ಕೆ ಹೊಂದಿಸಿ ಬರೆದವು; ಬೇರೆ ಗುಂಡಿಗೆ ಆ ಅಂಕಿಗಳು ಹೊಂದುವುದಿಲ್ಲ.

ಎರಡನೆಯದು ಲ್ಯೂಪೋಲ್ಡ್ ಕಂಪನಿಯ 2.5–8×36. ಒಂದಂಗುಲದ ಕೊಳವೆ, ಮೂವತ್ತು ಸೆಂಟಿಮೀಟರ್ ಒಳಗಿನ ಉದ್ದ, ತೂಕ 330 ಗ್ರಾಂ ಆಸುಪಾಸು. ರೈಫಲ್ ಹೆಗಲಿಗೆ ಹಾಕಿಕೊಂಡು ಬಹಳ ನಡೆಯಬೇಕಾದವರಿಗೆ ಇದಕ್ಕಿಂತ ಸುಖದ ಸ್ಕೋಪನ್ನು ನಾನು ಕಂಡಿಲ್ಲ. ಕಣ್ಣಿಗೆ ಧಾರಾಳ ಅಂತರವಿದೆ, ಕಣ್ಣು ತುಸು ಆಚೀಚೆ ಆದರೂ ಚಿತ್ರ ಕಪ್ಪಾಗುವುದಿಲ್ಲ. ಹಗುರವಾದದ್ದು ದುರ್ಬಲ ಎಂಬ ಮಾತನ್ನು ಇದರ ವಿಷಯದಲ್ಲಿ ಒಪ್ಪಲಾಗದು, ಏಕೆಂದರೆ ತೂಕ ಕಡಿಮೆಯಿದ್ದಷ್ಟೂ ಒದೆತದಲ್ಲಿ ಸ್ಕೋಪನ್ನು ಹಿಡಿದಿರುವ ಉಂಗುರಗಳನ್ನು ಎಳೆಯುವ ಬಲವೂ ಕಡಿಮೆ. ಒಮ್ಮೆ ಝೀರೋ ಮಾಡಿ, ಮುಚ್ಚಳ ಮುಚ್ಚಿ, ಮುನ್ನೂರು ಮೀಟರ್ ಒಳಗೆ ಗೆರೆಯನ್ನು ಅಂದಾಜಿನಿಂದ ಮೇಲೆತ್ತಿ ಹೊಡೆಯುವವರಿಗೆ ಇದು ಹೇಳಿ ಮಾಡಿಸಿದ ವಸ್ತು. ನನ್ನ ಅಭ್ಯಾಸ ಬೇರೆ: ಪ್ರತಿ ದೂರಕ್ಕೂ ಟರೆಟ್ ತಿರುಗಿಸುವವನು ನಾನು. ದಿನವೊಂದಕ್ಕೆ ಹತ್ತಾರು ಸಲ ಮೇಲೆ ಕೆಳಗೆ ತಿರುಗಿಸಿ ಮತ್ತೆ ಸೊನ್ನೆಗೆ ತರುವ ಕೆಲಸಕ್ಕೆ ಅದಕ್ಕೆಂದೇ ಮಾಡಿದ ಟರೆಟ್ ಬೇಕು.

ಮೂರನೆಯದು, ನಾನು ಇಟ್ಟುಕೊಂಡದ್ದು, ನೈಟ್‌ಫೋರ್ಸ್ ಕಂಪನಿಯ ಎನ್‌ಎಕ್ಸ್‌ಎಸ್ 2.5–10×42. ಕೊಳವೆ 30 ಮಿ.ಮೀ., ಉದ್ದ ಸುಮಾರು ಮೂವತ್ತು ಸೆಂಟಿಮೀಟರ್, ತೂಕ 580 ಗ್ರಾಂ ಆಸುಪಾಸು. ಉದ್ದದಲ್ಲಿ ಎರಡನೆಯದಕ್ಕೆ ಸಮವಾದರೂ ತೂಕದಲ್ಲಿ ಅದರ ಒಂದೂಮುಕ್ಕಾಲು ಪಟ್ಟು; ಕೈಯಲ್ಲಿ ಹಿಡಿದಾಗ ಪೊಳ್ಳು ಕೊಳವೆಯಂತೆ ಅಲ್ಲ, ಕಬ್ಬಿಣದ ಸಲಾಕೆಯಂತೆ ಅನ್ನಿಸುತ್ತದೆ. ಆ ತೂಕ ಎಲ್ಲಿ ಹೋಗಿದೆ ಎಂದರೆ ದಪ್ಪ ಗೋಡೆಯಲ್ಲಿ, ಟರೆಟ್ಟಿನಲ್ಲಿ, ಪಕ್ಕದ ಪ್ಯಾರಲಾಕ್ಸ್ ಗುಬ್ಬಿಯಲ್ಲಿ (ತಿರುಗಿಸುವ ಗುಂಡಿ; ಅದರ ಕೆಲಸವನ್ನು ಮುಂದೆ ಹೇಳುತ್ತೇನೆ). ಮೂವತ್ತು ಮಿಲಿಮೀಟರ್ ಕೊಳವೆ ಹೆಚ್ಚು ಬೆಳಕು ತರುತ್ತದೆ ಎಂದು ಅಂಗಡಿಗಳಲ್ಲಿ ಹೇಳುವುದುಂಟು, ಅದು ಸರಿಯಲ್ಲ. ಬೆಳಕನ್ನು ನಿರ್ಧರಿಸುವುದು ಮುಂಗಾಜಿನ ಅಗಲ, ಹಿಗ್ಗಿಸುವಿಕೆ ಮತ್ತು ಗಾಜಿನ ಲೇಪನ. ದಪ್ಪ ಕೊಳವೆಯಿಂದ ಸಿಗುವುದು ಬಿಗಿತ, ಮತ್ತು ಒಳಕೊಳವೆ ಓಡಾಡಲು ಹೆಚ್ಚು ಜಾಗ.

ಬೆಳಕಿನ ಮಾತು ಬಂದದ್ದರಿಂದ ಅದನ್ನು ಇಲ್ಲೇ ಮುಗಿಸುತ್ತೇನೆ. ಮುಂಗಾಜಿನ ಅಗಲವನ್ನು ಹಿಗ್ಗಿಸುವಿಕೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ಈ ಸ್ಕೋಪಿನಲ್ಲಿ ಹತ್ತು ಪಟ್ಟಿಗೆ ಅದು 4.2 ಮಿ.ಮೀ., ಹಳೆಯದರಲ್ಲಿ ಇಪ್ಪತ್ತನಾಲ್ಕು ಪಟ್ಟಿಗೆ 2.1 ಮಿ.ಮೀ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆಯೇ ಎರಡು ಮೂರು ಮಿಲಿಮೀಟರ್‌ಗಿಂತ ಹೆಚ್ಚು ತೆರೆಯುವುದಿಲ್ಲ, ಹಾಗಾಗಿ 4.2 ಎಂದರೆ ಹಗಲಿಗೆ ಮಿಕ್ಕು ಉಳಿಯುವಷ್ಟು. ಆ ಮಿಕ್ಕದ್ದೇ ಕಣ್ಣು ಸ್ವಲ್ಪ ಸರಿದರೂ ಚಿತ್ರ ಉಳಿಸಿಕೊಡುವ ಸಲಿಗೆ. ಲೇಪನದ ಮಹತ್ವವನ್ನೂ ಅಂಕಿಯಲ್ಲಿ ನೋಡಬಹುದು. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಅಂತಹ ಹದಿನಾರು ಮೈಗಳನ್ನು ದಾಟುವಷ್ಟರಲ್ಲಿ ಅರ್ಧದಷ್ಟು ಬೆಳಕೇ ಉಳಿಯುತ್ತದೆ. ಪ್ರತಿ ಮೈಯ ನಷ್ಟವನ್ನು ಅರ್ಧ ಶೇಕಡಾಕ್ಕೆ ಇಳಿಸಿದರೆ ಅದೇ ಹದಿನಾರು ಮೈ ದಾಟಿ ಶೇ. 92ರಷ್ಟು ಬರುತ್ತದೆ. ಜೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ 1935ರಲ್ಲಿ ಈ ಲೇಪನದ ವಿಧಾನವನ್ನು ರೂಪಿಸಿರದಿದ್ದರೆ ಇಂದಿನ ಬಹುಮಸೂರದ ಸ್ಕೋಪುಗಳಲ್ಲಿ ಮುಂಜಾವದ ಗುರಿ ಕಾಣುತ್ತಲೇ ಇರಲಿಲ್ಲ. ಕೊಳ್ಳುವಾಗ ಎಲ್ಲ ಗಾಜುಗಳ ಎಲ್ಲ ಮೈಗಳಿಗೂ ಬಹುಪದರ ಲೇಪನವಿದೆಯೇ ಎಂದು ಕೇಳಿದರೆ ಸಾಕು. ಈ ಸ್ಕೋಪಿನ ಗಾಜು ನನ್ನ ಹಳೆಯದಕ್ಕಿಂತ ಕಣ್ಣು ಕುಕ್ಕುವಷ್ಟು ಉತ್ತಮವೇನಲ್ಲ; ಅಂಚಿನಲ್ಲಿ ತುಸು ಮೆತ್ತಗಿದೆ. ಅದರಿಂದ ನನಗೆ ಒಂದು ಗುಂಡೂ ತಪ್ಪಿಲ್ಲ.

ಈಗ ನಾನು ಮಾಡಿದ ಪರೀಕ್ಷೆಗಳು. ಮೊದಲನೆಯದು ಟರೆಟ್ ಹೇಳಿದಷ್ಟು ನಿಜವಾಗಿ ಸರಿಯುತ್ತದೆಯೇ ಎಂಬುದು. ನನ್ನ ಟರೆಟ್ ಮಿಲಿರೇಡಿಯನ್ ಲೆಕ್ಕದ್ದು: ಒಂದು ಮಿಲ್ ಎಂದರೆ ನೂರು ಮೀಟರ್‌ನಲ್ಲಿ ಹತ್ತು ಸೆಂಟಿಮೀಟರ್, ಒಂದು ಕ್ಲಿಕ್ ಎಂದರೆ ಅದರ ಹತ್ತನೆಯ ಒಂದು ಭಾಗ, ಒಂದು ಸೆಂಟಿಮೀಟರ್. ಮೀಟರ್‌ನಲ್ಲಿ ಯೋಚಿಸುವವರಿಗೆ ಇಷ್ಟು ಸುಲಭವಾದ ಲೆಕ್ಕ ಇನ್ನೊಂದಿಲ್ಲ. ಕಾಲು ಎಂಒಎ ಕ್ಲಿಕ್ ಆದರೆ ನೂರು ಮೀಟರ್‌ಗೆ 7.3 ಮಿ.ಮೀ. ಎಂದು ಪ್ರತಿ ಸಲವೂ ಗುಣಿಸುತ್ತ ಕೂರಬೇಕು. ಟೇಪಿನಲ್ಲಿ ಅಳೆದು ಸರಿಯಾಗಿ ನೂರು ಮೀಟರ್ ದೂರದಲ್ಲಿ ಒಂದೂಕಾಲು ಮೀಟರ್ ಎತ್ತರದ ಹಲಗೆ ನಿಲ್ಲಿಸಿ, ಗಾರೆ ಕೆಲಸದವರು ಬಳಸುವ ತೂಗುಗುಂಡಿನ ದಾರ ಇಳಿಬಿಟ್ಟು, ಅದರ ಪಕ್ಕದಲ್ಲೇ ನೆಟ್ಟಗೆ ಗೆರೆ ಎಳೆದೆ. ಗೆರೆಯ ಬುಡದ ಚುಕ್ಕೆಗೆ ಗುರಿಯಿಟ್ಟು ಐದು ಗುಂಡು. ಟರೆಟ್ಟನ್ನು ಹತ್ತು ಮಿಲ್ ಮೇಲೆತ್ತಿ ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಐದು. ಸೊನ್ನೆಗೆ ಇಳಿಸಿ ಮತ್ತೆ ಐದು. ಎರಡು ಗುಂಪುಗಳ ನಡುಬಿಂದುಗಳ ಅಂತರ ಒಂದು ಮೀಟರ್ ಬರಬೇಕು. ಗುಂಪುಗಳ ಅಗಲವೇ ಎರಡು ಎರಡೂವರೆ ಸೆಂಟಿಮೀಟರ್ ಇರುವಾಗ ಟೇಪಿನಲ್ಲಿ ನಾನು ಹಿಡಿಯಬಲ್ಲಂತಹ ತಪ್ಪು ಏನೂ ಕಾಣಲಿಲ್ಲ, ಮೂರನೆಯ ಗುಂಪು ಮೊದಲನೆಯದರ ಮೇಲೆಯೇ ಬಂದು ಕೂತಿತು. ಅಷ್ಟೇ ಮುಖ್ಯವಾಗಿ, ಮೇಲಿನ ಗುಂಪು ದಾರದ ಗೆರೆಯಿಂದ ಪಕ್ಕಕ್ಕೆ ವಾಲಿರಲಿಲ್ಲ. ವಾಲಿದ್ದರೆ ಸ್ಕೋಪನ್ನು ಉಂಗುರದಲ್ಲಿ ಓರೆಯಾಗಿ ಕೂರಿಸಿದ್ದೇನೆ ಎಂದರ್ಥವಾಗುತ್ತಿತ್ತು.

ಹೊಸ ಸ್ಕೋಪ್ ತಂದವರು ಬೇರೆ ಯಾವ ಪರೀಕ್ಷೆ ಮಾಡದಿದ್ದರೂ ಇದನ್ನು ಮಾಡಲೇಬೇಕು. ನೂರು ಮೀಟರ್ ಝೀರೋ ಮಾಡಿದ .308ರ ಸಾಮಾನ್ಯ ಗುರಿಗುಂಡು ನಾನೂರು ಮೀಟರ್‌ಗೆ ಹೋಗುವಷ್ಟರಲ್ಲಿ ಸುಮಾರು ಎರಡೂವರೆ ಮಿಲ್, ಎಂದರೆ ಹೆಚ್ಚುಕಡಿಮೆ ಒಂದು ಮೀಟರ್ ಇಳಿದಿರುತ್ತದೆ. ಟರೆಟ್ ನೂರಕ್ಕೆ ಐದರಷ್ಟು ಸುಳ್ಳು ಹೇಳಿದರೂ ಅಲ್ಲಿ ಐದು ಸೆಂಟಿಮೀಟರ್ ತಪ್ಪುತ್ತದೆ, ಮತ್ತು ನಾವು ಅದನ್ನು ಗಾಳಿಯ ಮೇಲೋ ನಮ್ಮ ಬೆರಳಿನ ಮೇಲೋ ಹೊರಿಸಿ ತಿಂಗಳುಗಟ್ಟಲೆ ಕಳೆಯುತ್ತೇವೆ.

ಎರಡನೆಯ ಪರೀಕ್ಷೆ ನಾನು ಬಯಸಿ ಮಾಡಿದ್ದಲ್ಲ. ಗುಂಡು ತೆಗೆದು ಬೋಲ್ಟ್ ತೆರೆದಿಟ್ಟಿದ್ದ ರೈಫಲ್ ಬೆಂಚಿನ ಅಂಚಿನಿಂದ ಜಾರಿ, ಮುಕ್ಕಾಲು ಮೀಟರ್ ಎತ್ತರದಿಂದ, ಸ್ಕೋಪಿನ ಬಲಮಗ್ಗುಲು ಅಡಿಯಾಗಿ ಗಟ್ಟಿ ನೆಲದ ಮೇಲೆ ಬಿತ್ತು. ಪಕ್ಕದ ಟರೆಟ್ಟಿನ ಮುಚ್ಚಳದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗ ಸುಲಿದು ಬಿಳಿ ಲೋಹ ಕಾಣುತ್ತಿತ್ತು. ಆ ದಿನ ನೂರು ಮೀಟರ್‌ನಲ್ಲಿ ಹೊಡೆದ ಐದು ಗುಂಡುಗಳ ಗುಂಪು ಬಿದ್ದದ್ದು ಹಿಂದಿನ ಗುಂಪಿನ ಜಾಗಕ್ಕೇ. ಒಂದು ಸಲ ಬಿದ್ದು ಉಳಿಯಿತೆಂದು ಎಲ್ಲ ಬೀಳುವಿಕೆಗೂ ಉಳಿಯುತ್ತದೆ ಎನ್ನಲಾರೆ. ಆದರೆ ಸಣ್ಣ ಪೆಟ್ಟಿಗೇ ಝೀರೋ ಕಳೆದುಕೊಳ್ಳುವ ಸ್ಕೋಪಿನ ಜೊತೆ ವರ್ಷಗಳನ್ನು ಕಳೆದವನಿಗೆ ಆ ಗುಂಪನ್ನು ನೋಡಿ ಆದ ಸಂತೋಷ ದೊಡ್ಡದು.

ಮೂರನೆಯದು ನೀರಿನ ಪರೀಕ್ಷೆ. ಸ್ಕೋಪಿನೊಳಗಿನ ಗಾಳಿಯನ್ನು ತೆಗೆದು ಒಣ ಸಾರಜನಕವನ್ನೋ ಆರ್ಗಾನ್ ಅನಿಲವನ್ನೋ ತುಂಬಿ ರಬ್ಬರ್ ಬಳೆಗಳಿಂದ ಮುಚ್ಚಿರುತ್ತಾರೆ. ಮಂಜು ಕಟ್ಟದಿರುವುದಕ್ಕೆ ಕಾರಣ ಆ ಅನಿಲದ ವಿಶೇಷ ಗುಣವಲ್ಲ, ಅದರಲ್ಲಿ ತೇವ ಇಲ್ಲದಿರುವುದು. ಬಳೆಯೊಂದು ಸಡಿಲವಾದರೆ ತೇವದ ಗಾಳಿ ಒಳಹೋಗಿ, ತಣ್ಣನೆಯ ಬೆಳಿಗ್ಗೆ ಗಾಜಿನ ಒಳಮೈಗೆ ಬೆವರು ಕಟ್ಟುತ್ತದೆ, ಅದನ್ನು ಒರೆಸುವ ದಾರಿಯೇ ಇಲ್ಲ. ಉಗುರುಬೆಚ್ಚಗಿನ ನೀರು ತುಂಬಿದ ಬಕೆಟ್ಟಿನಲ್ಲಿ ಸ್ಕೋಪನ್ನು ಮುಳುಗಿಸಿದಾಗ ಒಳಗಿನ ಅನಿಲ ಹಿಗ್ಗುತ್ತದೆ. ಸೋರಿಕೆ ಇದ್ದರೆ ಟರೆಟ್ಟಿನ ಬುಡದಿಂದಲೋ ಕಣ್ಗಾಜಿನ ಅಂಚಿನಿಂದಲೋ ಒಂದೇ ಜಾಗದಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ. ಮೊದಲ ನಿಮಿಷದಲ್ಲಿ ಕೆತ್ತಿದ ಅಕ್ಷರಗಳ ಸಂದಿನಿಂದ, ಮುಚ್ಚಳದ ಎಳೆಗಳಿಂದ ಬಿಡುವ ಚದುರಿದ ಗುಳ್ಳೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಐಪಿಎಕ್ಸ್7 ದರ್ಜೆ ಎಂದು ಬರೆದ ಸ್ಕೋಪ್ ಒಂದು ಮೀಟರ್ ನೀರಿನಡಿ ಅರ್ಧ ಗಂಟೆ ತಾಳಬೇಕೆಂಬುದು ನಿಯಮ, ಆದ್ದರಿಂದ ಬಕೆಟ್ಟಿಗೆ ಅಂಜಬೇಕಾಗಿಲ್ಲ. ನನ್ನದರಲ್ಲಿ ಸಾಲು ಗುಳ್ಳೆ ಏಳಲಿಲ್ಲ.

ಗಿಡ್ಡ ಸ್ಕೋಪಿನಲ್ಲಿ ಕಳೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಕೊಳವೆ ಚಿಕ್ಕದಾಗಬೇಕಾದರೆ ಮಸೂರಗಳು ಬೆಳಕನ್ನು ಹೆಚ್ಚು ಕಡಿದಾಗಿ ಬಾಗಿಸಬೇಕು. ಅದರಿಂದ ಫೋಕಸ್ ಸೂಕ್ಷ್ಮವಾಗುತ್ತದೆ, ಪ್ಯಾರಲಾಕ್ಸ್ ಹೊಂದಿಸುವ ಗುಬ್ಬಿಯನ್ನು ಸ್ವಲ್ಪ ತಿರುಗಿಸಿದರೂ ಚಿತ್ರ ಬಹಳ ಬದಲಾಗುತ್ತದೆ. ಪ್ಯಾರಲಾಕ್ಸ್ ಎಂದರೆ ಗುರಿಯ ಬಿಂಬವೂ ಗೆರೆಯೂ ಒಂದೇ ಸಮತಲದಲ್ಲಿ ಇಲ್ಲದಿದ್ದಾಗ ಕಣ್ಣು ಸರಿದರೆ ಗೆರೆಯೂ ಸರಿದಂತೆ ಕಾಣುವುದು. ಇದರ ಗರಿಷ್ಠ ತಪ್ಪನ್ನು ಲೆಕ್ಕ ಹಾಕಬಹುದು. ಪ್ಯಾರಲಾಕ್ಸ್ ನೂರು ಮೀಟರ್‌ಗೆ ಹೊಂದಿಸಿದ್ದು, ಗುರಿ ಮುನ್ನೂರರಲ್ಲಿದ್ದರೆ, ಮುಂಗಾಜಿನ ಅರ್ಧ ಅಗಲದ ಎರಡರಷ್ಟು: 42 ಮಿ.ಮೀ. ಗಾಜಿಗೆ 42 ಮಿ.ಮೀ. ಕಣ್ಣು ಬೆಳಕಿನ ಬಿಲ್ಲೆಯ ತೀರಾ ಅಂಚಿನಲ್ಲಿದ್ದಾಗ ಮಾತ್ರ ಇಷ್ಟು ತಪ್ಪು ಬರುವುದು, ಕೆನ್ನೆ ಸರಿಯಾಗಿ ಕೂತಿದ್ದರೆ ಅದರ ಸಣ್ಣ ಪಾಲು. ಆದರೂ ನಾನೂರು ಮೀಟರ್ ಕೆಲಸಕ್ಕೆ ಹೊಂದಿಸಲು ಬರುವ ಪ್ಯಾರಲಾಕ್ಸ್ ಇರುವುದನ್ನೇ ಆರಿಸಿ ಎಂದು ಹೇಳುತ್ತೇನೆ. ಗುಬ್ಬಿಯ ಮೇಲೆ ಬರೆದ ದೂರದ ಅಂಕಿಯನ್ನು ನೆಚ್ಚದೆ, ರೈಫಲ್ ಮರಳುಚೀಲದ ಮೇಲಿರುವಾಗ ತಲೆಯನ್ನು ಮೆಲ್ಲಗೆ ಆಡಿಸುತ್ತ ಗೆರೆ ಅಲುಗದಿರುವವರೆಗೆ ತಿರುಗಿಸುವುದೇ ಸರಿಯಾದ ವಿಧಾನ.

ಇನ್ನೊಂದು ತೊಂದರೆ ಕೈಗೆ ಬರುವವರೆಗೆ ಯಾರೂ ಹೇಳುವುದಿಲ್ಲ. ಗಿಡ್ಡ ಸ್ಕೋಪಿನಲ್ಲಿ ಉಂಗುರ ಹಿಡಿಯಲು ಬೇಕಾದ ನೇರ ಕೊಳವೆಯೇ ಕಡಿಮೆ. ನಡುವೆ ಟರೆಟ್ಟಿನ ಗಂಟು, ಮುಂದೆ ಗಂಟೆಯಾಕಾರದ ಅಗಲ, ಹಿಂದೆ ಕಣ್ಗಾಜಿನ ಭಾಗ. ಉಳಿಯುವುದು ಎರಡು ಸಣ್ಣ ತುಂಡುಗಳು. ಉದ್ದ ಬೋಲ್ಟಿನ ರೈಫಲ್‌ನಲ್ಲಿ ಎರಡು ತುಂಡಿನ ಬೇಸ್ (ಉಂಗುರಗಳು ಕೂರುವ ತಳಪಟ್ಟಿ) ಇದ್ದರೆ ಉಂಗುರಗಳು ಸರಿಯಾದ ಜಾಗಕ್ಕೆ ಬರುವುದೇ ಇಲ್ಲ, ಬಂದರೂ ಕಣ್ಣಿನ ಅಂತರ ಹೊಂದುವುದಿಲ್ಲ. ನಾನು ಮೊದಲು ಕೂರಿಸಿದಾಗ ಕತ್ತನ್ನು ಎರಡು ಬೆರಳು ಮುಂದೆ ಚಾಚದೆ ಪೂರ್ತಿ ಚಿತ್ರ ಕಾಣುತ್ತಿರಲಿಲ್ಲ. ಕೊನೆಗೆ ಉದ್ದಕ್ಕೂ ಅಡ್ಡ ಕಚ್ಚುಗಳಿರುವ ಒಂದೇ ತುಂಡಿನ ಪಿಕಟಿನಿ ರೈಲ್ ಹಾಕಿಸಿದ ಮೇಲೆ ಸಮಸ್ಯೆ ನೀಗಿತು. ಈ ರೈಲಿನ ಕಚ್ಚುಗಳ ಅಳತೆ 1995ರಲ್ಲಿ ಅಮೆರಿಕದ ಸೇನಾ ಮಾನಕವಾಗಿ ನಿಗದಿಯಾದದ್ದು, ಹಾಗಾಗಿ ಒಂದು ಕಂಪನಿಯ ಉಂಗುರ ಇನ್ನೊಂದರ ರೈಲಿಗೆ ಕೂರುತ್ತದೆ. ಸ್ಕೋಪ್ ಕೊಳ್ಳುವ ಮೊದಲೇ ರೈಫಲ್‌ನ ಬೇಸ್ ಅಳೆಯಿರಿ.

ಉಂಗುರದ ಬಗ್ಗೆ ಇನ್ನೂ ಎರಡು ಮಾತು ಅಗತ್ಯ. ನನಗೆ ಗುರಿ ಹಿಡಿಯುವುದನ್ನು ಕಲಿಸಿದ ಹಿರಿಯರು ಝೀರೋ ಕದಲಿದಾಗಲೆಲ್ಲ, "ಸ್ಕೋಪ್ ಮೇಲೆ ಆಮೇಲೆ ಅನುಮಾನ ಪಡು, ಮೊದಲು ಸ್ಕ್ರೂ ನೋಡು" ಎನ್ನುತ್ತಿದ್ದರು. ಹೆಚ್ಚಿನ ಸಲ ಅವರ ಮಾತೇ ನಿಜವಾಗಿದೆ. ಉಂಗುರದ ಮೇಲ್ಭಾಗದ ಸ್ಕ್ರೂಗಳಿಗೆ ಸಾಮಾನ್ಯವಾಗಿ 1.7ರಿಂದ 2 ನ್ಯೂಟನ್ ಮೀಟರ್ ಬಿಗಿತ ಸಾಕು. ಬರಿ ಕೈ ಅಂದಾಜಿನಲ್ಲಿ ಬಿಗಿದರೆ ಅದು ಸುಲಭವಾಗಿ ದುಪ್ಪಟ್ಟಾಗುತ್ತದೆ, ಆಗ ಕೊಳವೆ ನೆಗ್ಗಿ ಒಳಕೊಳವೆಯ ಓಟಕ್ಕೇ ಅಡ್ಡಿಯಾಗಬಹುದು. ಸ್ಕ್ರೂವಿನ ಎಣ್ಣೆ ಒರೆಸಿ, ಅಳತೆಯ ಟಾರ್ಕ್ ತಿರುಪುಳಿಯಿಂದ ಎರಡೂ ಬದಿಯನ್ನು ಸಮವಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಬಳಿಕ ಪ್ರತಿ ಸ್ಕ್ರೂ ತಲೆಯಿಂದ ಉಂಗುರದ ಮೈಗೆ ದಾಟುವ ಹಾಗೆ ಉಗುರುಬಣ್ಣದಿಂದ ಒಂದು ಸಣ್ಣ ಗೆರೆ ಎಳೆದಿದ್ದೇನೆ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಎಂದರ್ಥ, ಗುಂಡು ಖರ್ಚು ಮಾಡದೆಯೇ ಗೊತ್ತಾಗುತ್ತದೆ.

ಈ ಸ್ಕೋಪಿನ ಮೇಲೆ ನನಗಿರುವ ಆಕ್ಷೇಪಗಳು ಎರಡು. ಹಿಗ್ಗಿಸುವಿಕೆ ಬದಲಿಸಲು ಬಳೆಯೊಂದನ್ನಲ್ಲ, ಇಡೀ ಕಣ್ಗಾಜಿನ ಭಾಗವನ್ನೇ ತಿರುಗಿಸಬೇಕು. ಕಣ್ಗಾಜಿಗೆ ಮಡಚುವ ಮುಚ್ಚಳ ಹಾಕಿಕೊಂಡರೆ ಅದೂ ಜೊತೆಗೇ ತಿರುಗಿ ಒಮ್ಮೆ ಬೋಲ್ಟಿನ ಹಿಡಿಗೆ, ಒಮ್ಮೆ ಕೆನ್ನೆಗೆ ಅಡ್ಡ ಬರುತ್ತದೆ. ನಾನು ಆ ಮುಚ್ಚಳವನ್ನೇ ಕಿತ್ತು ರಬ್ಬರ್ ಪಟ್ಟಿಯ ಮುಚ್ಚಳ ಹಾಕಿಕೊಂಡಿದ್ದೇನೆ. ಎರಡನೆಯದು ಗೆರೆ ಎರಡನೆಯ ಫೋಕಲ್ ಸಮತಲದಲ್ಲಿ, ಎಂದರೆ ಹಿಗ್ಗಿಸುವ ಮಸೂರಗಳ ಹಿಂದೆ ಕಣ್ಣಿನ ಕಡೆಗೆ, ಇರುವುದು. ಹಿಗ್ಗಿಸಿದರೂ ಕುಗ್ಗಿಸಿದರೂ ಗೆರೆ ಒಂದೇ ದಪ್ಪದಲ್ಲಿ ಸ್ಪಷ್ಟವಾಗಿ ಕಾಣುವುದು ಇದರ ಗುಣ. ಆದರೆ ಗೆರೆಯ ಮೇಲಿನ ಗುರುತುಗಳ ಅಳತೆ ಹತ್ತು ಪಟ್ಟಿನಲ್ಲಿ ಮಾತ್ರ ಸರಿ. ಐದು ಪಟ್ಟಿಗೆ ಇಳಿಸಿದಾಗ ಒಂದು ಮಿಲ್ ಎಂದು ಬರೆದ ಅಂತರ ನಿಜದಲ್ಲಿ ಎರಡು ಮಿಲ್ ಆಗಿರುತ್ತದೆ. ಗಾಳಿಗೆ ಗೆರೆಯನ್ನು ಪಕ್ಕಕ್ಕೆ ಹಿಡಿದು ಹೊಡೆಯುವವರು ಇದನ್ನು ಒಮ್ಮೆ ಮರೆತರೂ ಗುಂಡು ಹಲಗೆಯ ಆಚೆ ಹೋಗುತ್ತದೆ. ಟರೆಟ್ ತಿರುಗಿಸಿ ಹೊಡೆಯುವ ನನ್ನಂಥವರಿಗೆ ತೊಂದರೆಯಿಲ್ಲ, ಗೆರೆಯ ಗುರುತುಗಳನ್ನೇ ನೆಚ್ಚುವವರು ಮೊದಲ ಫೋಕಲ್ ಸಮತಲದ (ಗೆರೆಯೂ ಚಿತ್ರದ ಜೊತೆಗೇ ಹಿಗ್ಗುವ) ಗಿಡ್ಡ ಸ್ಕೋಪನ್ನು ಹುಡುಕುವುದು ಒಳ್ಳೆಯದು.

ಮೆಚ್ಚಿದ್ದು ಝೀರೋ ಸ್ಟಾಪ್. ನಾನೂರರಿಂದ ನೂರಕ್ಕೆ ಇಳಿಸುವಾಗ ಟರೆಟ್ಟನ್ನು ಎಷ್ಟು ಜೋರಾಗಿ ಹಿಂದಕ್ಕೆ ತಿರುಗಿಸಿದರೂ ನಾವು ನಿಗದಿ ಮಾಡಿದ ಜಾಗದಲ್ಲಿ ಅದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಕತ್ತಲಲ್ಲೂ, ಕನ್ನಡಕ ತೆಗೆದಿದ್ದರೂ, ಒಂದು ಸುತ್ತು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಗೊಂದಲ ಇಲ್ಲ. ಕ್ಲಿಕ್ಕುಗಳು ಬೆರಳಿಗೆ ಒಂದೊಂದಾಗಿ, ಹಳೆಯ ಬೀಗದ ಹಲ್ಲು ಬಿದ್ದಂತೆ ಕೇಳಿಸುತ್ತವೆ.

ಸ್ಪ್ರಿಂಗ್ ಪಿಸ್ಟನ್ ಏರ್ ರೈಫಲ್ ಇರುವವರು ಮಾತ್ರ ಈ ವಿಮರ್ಶೆಯನ್ನು ತಮಗೂ ಅನ್ವಯಿಸಿಕೊಳ್ಳಬಾರದು. ಅದರ ಒದೆತ ಎರಡು ಬಗೆಯದು: ಪಿಸ್ಟನ್ ಮುನ್ನುಗ್ಗುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ತುದಿ ತಾಗಿದಾಗ ತಟ್ಟನೆ ಮುಂದಕ್ಕೆ. ಹಿಂದೊದೆತಕ್ಕೆಂದು ಮಾತ್ರ ಬಿಗಿದ ಎಷ್ಟೋ ಗಟ್ಟಿ ಸ್ಕೋಪುಗಳ ಒಳಮಸೂರಗಳು ಈ ಮುಂದೊದೆತಕ್ಕೆ ಸಡಿಲಗೊಂಡಿವೆ. ಅದಕ್ಕೆಂದೇ ಮಾಡಿದ್ದೆಂದು ತಯಾರಕರು ಲಿಖಿತವಾಗಿ ಹೇಳಿದ್ದನ್ನೇ ಕೊಳ್ಳಬೇಕು.

ಹೊಸದಕ್ಕೆ ಶಕ್ತಿ ಸಾಲದೆ ಬಳಸಿದ್ದನ್ನು ಕೊಳ್ಳುವವರಿದ್ದರೆ, ಗಾಜಿನ ಗೀರುಗಳಿಗಿಂತ ಮೊದಲು ಉಂಗುರ ಹಿಡಿದಿದ್ದ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಪ್ಪು ಲೇಪನ ಉಜ್ಜಿ ಹೊಳೆಯುವುದು ಸಹಜ. ಬೆರಳ ತುದಿಗೆ ತಗ್ಗು ಸಿಕ್ಕರೆ ಕೊಳವೆ ನೆಗ್ಗಿದೆ. ಟರೆಟ್ಟನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ತಿರುಗಿಸಿ, ಯಾವುದಾದರೂ ಕ್ಲಿಕ್ ಮೆತ್ತಗಾಗಿದೆಯೇ ಎಂದು ಬೆರಳಿನಲ್ಲಿ ಕೇಳಿ. ಕೊನೆಯಲ್ಲಿ ಸ್ಕೋಪನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ. ಒಳಗೆ ಏನಾದರೂ ಸದ್ದು ಮಾಡಿದರೆ ಮಾರುವವರಿಗೆ ಅಲ್ಲೇ ಹಿಂತಿರುಗಿಸಿ.